ಎಲ್ಲ ಸೃಷ್ಟಿಕಥೆಗಳೂ ಒಂದೇ ಎನ್ನುವ ಮುನ್ನ

(ನಮ್ಮ ಸೃಷ್ಟಿಕಥೆಗಳ ಮಾಲೆಯನ್ನು ಮೊದಲ ಕಂತಿನಿಂದ ಓದುತ್ತಿರುವವರೊಬ್ಬರು ಬರೆದ ಪತ್ರದ ಸಾರ: “ಬ್ಯಾಬಿಲೋನಿನ ಕಥೆ ಓದಿದೆ, ಈಜಿಪ್ಟಿನದು ಓದಿದೆ, ಚೀನಾದ್ದು, ಉತ್ತರ ಯುರೋಪಿನ ನಾರ್ಸ್ ಜನರದು ಎಲ್ಲ ಓದಿದೆ. ಎಲ್ಲದರಲ್ಲೂ ಮೊದಲು ಕತ್ತಲೆ, ನೀರು. ಆಮೇಲೆ ಒಂದು ಮೊಟ್ಟೆ ಅಥವಾ ಒಂದು ದೇಹ. ಕೊನೆಗೆ ಮಣ್ಣಿನಿಂದ ಮನುಷ್ಯ. ಹೆಸರು ಬೇರೆ, ಕಥೆ ಒಂದೇ. ತೌಲನಿಕ ಪುರಾಣಶಾಸ್ತ್ರ ಇದನ್ನು ಎಂದೋ ತೋರಿಸಿಕೊಟ್ಟಿದೆ. ಪುಟಗಟ್ಟಲೆ ಅನುವಾದ ಹಾಕುವ ಬದಲು ಒಂದು ಕೋಷ್ಟಕ ಕೊಟ್ಟರೆ ಸಾಲದೆ? ಹೇಗೂ ಇವೆಲ್ಲದರ ಸಾರ ನಾಸದೀಯ ಸೂಕ್ತದಲ್ಲೇ ಇದೆಯಲ್ಲ?”)

ಮಾನ್ಯರೇ,

ಒಂದು ಕಂತನ್ನೂ ಬಿಡದೆ ಓದಿ, ಓದಿದ್ದನ್ನು ಒಂದರ ಪಕ್ಕ ಒಂದಿಟ್ಟು ನೋಡಿ, ಆಮೇಲೆ ಸಿಟ್ಟು ಮಾಡಿಕೊಂಡಿದ್ದೀರಿ. ಇಂಥ ಸಿಟ್ಟಿನ ಓದುಗರು ಸಿಕ್ಕುವುದು ಪತ್ರಿಕೆಯ ಭಾಗ್ಯ. ಆದರೆ ನಿಮ್ಮ ಕೋಷ್ಟಕದ ಸಲಹೆಗೆ ನಾನು ಒಪ್ಪಲಾರೆ. ಯಾಕೆಂದು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ.

ಹೋಲಿಕೆಗಳು ಸುಳ್ಳಲ್ಲ, ಅದನ್ನು ಮೊದಲೇ ಒಪ್ಪಿಬಿಡುತ್ತೇನೆ. ಗ್ರೀಕ್ ಕವಿ ಹೆಸಿಯಡ್ ಹೇಳುವ ಕಥೆಯಲ್ಲಿ ಕ್ರೋನಸ್ ತನ್ನ ತಂದೆಯಾದ ಆಕಾಶದ ಜನನಾಂಗ ಕತ್ತರಿಸಿ ಅಧಿಕಾರ ಹಿಡಿಯುತ್ತಾನೆ. ಮುಂದೆ ಅವನನ್ನು ಗುಡುಗಿನ ದೇವರು ಜೀಯಸ್ ಇಳಿಸುತ್ತಾನೆ. ಇದು ಗ್ರೀಕರದೇ ಕಲ್ಪನೆ ಎಂದು ಬಹುಕಾಲ ತಿಳಿದಿದ್ದರು. ಇಂದಿನ ಟರ್ಕಿಯ ಬೊಅಜ್‌ಕೊಯ್‌ಯಲ್ಲಿ 1906ರಲ್ಲಿ ಉತ್ಖನನ ಶುರುವಾಗಿ ಅಲ್ಲಿ ಹಿಂದೆ ಆಳಿದ ಹಿಟ್ಟೈಟರು ಬರೆಸಿದ ಮಣ್ಣಿನ ಹಲಗೆಗಳು ರಾಶಿರಾಶಿ ಸಿಕ್ಕವು. ಅವುಗಳಲ್ಲಿ ಕುಮಾರ್ಬಿ ಎಂಬ ದೇವರು ಆಕಾಶದೇವ ಅನುವಿನ ಜನನಾಂಗವನ್ನು ಕಚ್ಚಿ ನುಂಗುವ ಕಥೆಯಿತ್ತು. ಅಲ್ಲೂ ಮುಂದಿನ ರಾಜ ಗುಡುಗು-ಮಳೆಯ ದೇವರೇ. ಹೆಸಿಯಡ್‌ಗಿಂತ ಅದು ಹಲವು ಶತಮಾನ ಹಳೆಯದು. ಎರಡಕ್ಕೂ ನಂಟಿದೆ ಎಂಬುದನ್ನು ಇವತ್ತು ಬಹುಮಟ್ಟಿಗೆ ಎಲ್ಲ ವಿದ್ವಾಂಸರೂ ಒಪ್ಪುತ್ತಾರೆ. ತೌಲನಿಕ ಅಧ್ಯಯನ ಇಲ್ಲದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ಆದರೆ ಹೋಲಿಕೆ ಕಂಡಕೂಡಲೇ ‘ಎಲ್ಲ ಒಂದೇ’ ಎಂದುಬಿಡುವ ಚಟ ಈ ಶಾಸ್ತ್ರಕ್ಕೆ ಹುಟ್ಟಿನಿಂದಲೇ ಅಂಟಿಕೊಂಡಿದೆ. ಮ್ಯಾಕ್ಸ್ ಮುಲ್ಲರ್ 1856ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಿಂದ ಶುರುವಾಗಿ, ಸಿಕ್ಕಸಿಕ್ಕ ಪುರಾಣವೆಲ್ಲ ಸೂರ್ಯನ ಉದಯಾಸ್ತದ ಕಥೆಯೇ ಎಂಬ ವಾದ ಒಂದು ತಲೆಮಾರಿನ ಕಾಲ ಮೆರೆಯಿತು. 1870ರಲ್ಲಿ ಲಿಟಲ್‌ಡೇಲ್ ಎಂಬ ಪಾದ್ರಿ ಅದೇ ಪದ್ಧತಿ ಹಿಡಿದು, ಸ್ವತಃ ಮ್ಯಾಕ್ಸ್ ಮುಲ್ಲರ್ ಎಂಬ ವ್ಯಕ್ತಿಯೇ ಇಲ್ಲ, ಅವರೂ ಒಂದು ಸೂರ್ಯಪುರಾಣ ಎಂದು ಸಾಧಿಸಿ ತೋರಿಸಿದರು. ಆ ಲೇಖನ ಬರೀ ತಮಾಷೆಯಲ್ಲ. ಏನನ್ನು ಬೇಕಾದರೂ ಸಾಧಿಸಬಲ್ಲ ಪದ್ಧತಿ ಏನನ್ನೂ ಸಾಧಿಸುವುದಿಲ್ಲ ಎಂಬುದಕ್ಕೆ ಅಷ್ಟು ಒಳ್ಳೆಯ ಪುರಾವೆ ಆಮೇಲೂ ಬಂದಿಲ್ಲ. ವಿದ್ವಾಂಸರ ವಿವರಣೆಗಳಲ್ಲಿ ಸೂರ್ಯ ಹೋದ ಮೇಲೆ ಬೆಳೆಗಳ ದೇವರು ಬಂದ, ಆಮೇಲೆ ಸುಪ್ತಪ್ರಜ್ಞೆ ಬಂತು, ಆಮೇಲೆ ಸಾವಿರ ಮುಖದ ಒಬ್ಬನೇ ನಾಯಕ ಬಂದ. ಕೀಲಿಕೈ ಬದಲಾಯಿತು, ಒಂದೇ ಕೀಲಿಕೈ ಸಾಕೆಂಬ ನಂಬಿಕೆ ಬದಲಾಗಲಿಲ್ಲ.

ನಿಮ್ಮ ಕೋಷ್ಟಕದಲ್ಲಿ ‘ಒಂದು ದೇಹದಿಂದ ಜಗತ್ತು’ ಎಂಬ ಸಾಲು ಇರುತ್ತದೆ ಅಲ್ಲವೇ? ಅದರೊಳಗೆ ನಾಲ್ಕು ಕಥೆಗಳನ್ನು ಹಾಕುತ್ತೀರಿ: ಬ್ಯಾಬಿಲೋನಿನ ತಿಯಾಮತ್, ಋಗ್ವೇದದ ಪುರುಷ, ನಾರ್ಸ್ ಜನರ ಯೀಮಿರ್, ಚೀನಾದ ಪಾನ್‌ಗು. ಈಗ ಒಂದೊಂದನ್ನೂ ಕೊನೆಯತನಕ ಓದೋಣ. ತಿಯಾಮತ್ ಉಪ್ಪುನೀರಿನ ಆದಿಮಾತೆ. ಅವಳ ಸಂತತಿಯವನಾದ ಮಾರ್ದುಕ್ ಯುದ್ಧದಲ್ಲಿ ಅವಳನ್ನು ಕೊಂದು, ಒಣಮೀನು ಸೀಳಿದಂತೆ ಎರಡು ಹೋಳು ಮಾಡಿ, ಒಂದು ಹೋಳನ್ನು ಆಕಾಶವಾಗಿ ಹರಡಿ, ನೀರು ಹೊರಬೀಳದಂತೆ ಕಾವಲು ಹಾಕುತ್ತಾನೆ. ಪುರುಷಸೂಕ್ತದಲ್ಲಿ ಯುದ್ಧವೇ ಇಲ್ಲ, ವೈರಿಯೂ ಇಲ್ಲ. ದೇವತೆಗಳು ಪುರುಷನನ್ನು ಯಜ್ಞದಲ್ಲಿ ಅರ್ಪಿಸುತ್ತಾರೆ. ಯಜ್ಞದಿಂದ ಯಜ್ಞವನ್ನೇ ಯಜಿಸಿದರು ಎಂದು ಋಷಿ ಹೇಳುವಾಗ ಕೊಂದವರ ಮೇಲೂ ಸತ್ತವನ ಮೇಲೂ ಒಂದೇ ಭಕ್ತಿ. ದೈತ್ಯ ಯೀಮಿರನನ್ನು ದೇವರು ಓಡಿನ್ ಮತ್ತು ಅವನ ಸೋದರರು ಕೊಲ್ಲುತ್ತಾರೆ. ಅವನ ರಕ್ತದಲ್ಲಿ ಅವನ ಕುಲವೇ ಮುಳುಗಿ, ಒಂದು ಸಂಸಾರ ಮಾತ್ರ ಪಾರಾಗುತ್ತದೆ. ಉಳಿದವರ ದ್ವೇಷ ಆ ಪುರಾಣದ ಕೊನೆಯ ಯುದ್ಧದವರೆಗೂ ದೇವರುಗಳ ಬೆನ್ನು ಹತ್ತುತ್ತದೆ. ಪಾನ್‌ಗುವನ್ನು ಯಾರೂ ಮುಟ್ಟುವುದಿಲ್ಲ. ಆಕಾಶ-ಭೂಮಿಗಳ ನಡುವೆ 18,000 ವರ್ಷ ಬೆಳೆಯುತ್ತಾ ನಿಂತವನು ತನ್ನಷ್ಟಕ್ಕೆ ಸಾಯುತ್ತಾನೆ. ಉಸಿರು ಗಾಳಿಯಾಗುತ್ತದೆ, ದನಿ ಗುಡುಗಾಗುತ್ತದೆ.

ಇನ್ನು ಮನುಷ್ಯ ಎಲ್ಲಿಂದ ಬಂದ? ಬ್ಯಾಬಿಲೋನಿನಲ್ಲಿ ತಿಯಾಮತಳ ಸೋತ ಸೇನಾಪತಿ ಕಿಂಗುವಿನ ರಕ್ತದಿಂದ, ದೇವರುಗಳ ಚಾಕರಿಗಾಗಿ. ಪುರುಷಸೂಕ್ತದಲ್ಲಿ ಮುಖ, ತೋಳು, ತೊಡೆ, ಪಾದಗಳಿಂದ, ಅಂದರೆ ಸಮಾಜದ ಮೇಲು-ಕೆಳಗುಗಳನ್ನು ಹುಟ್ಟಿನಲ್ಲೇ ಹೊತ್ತುಕೊಂಡು. ನಾರ್ಸ್ ಕಥೆಯಲ್ಲಿ ಯೀಮಿರನಿಂದ ಅಲ್ಲವೇ ಅಲ್ಲ. ಕಡಲ ದಡದಲ್ಲಿ ಸಿಕ್ಕ ಎರಡು ಮರಗಳಿಂದ. ಪಾನ್‌ಗುವಿನ ಮೈಮೇಲಿದ್ದ ಹುಳುಗಳಿಗೆ ಗಾಳಿ ತಾಗಿ ಅವೇ ಮನುಷ್ಯರಾದವು ಎನ್ನುತ್ತದೆ ಚೀನಾದ ಕಥೆ. ದೊರೆಯ ಆಳಾಗಿ ಹುಟ್ಟಿದವನಿಗೂ, ಶ್ರೇಣಿಯೊಳಗೆ ಹುಟ್ಟಿದವನಿಗೂ, ಮಹಾದೇಹವೊಂದರ ಮೇಲಿನ ಕ್ರಿಮಿಯಾಗಿ ಹುಟ್ಟಿದವನಿಗೂ ಒಂದೇ ಕೋಷ್ಟಕದ ಒಂದೇ ಸಾಲು ಸಾಕೆ?

ಆಕಾಶ-ಭೂಮಿಗಳ ಅಗಲಿಕೆಯನ್ನು ನೋಡಿ. ನ್ಯೂಜಿಲೆಂಡಿನ ಮಾವೊರಿ ಜನರಲ್ಲಿ ಆಕಾಶ ಅಪ್ಪ, ಭೂಮಿ ಅಮ್ಮ. ಅವರ ಅಪ್ಪುಗೆಯ ಕತ್ತಲೆಯಲ್ಲಿ ಉಸಿರುಕಟ್ಟಿದ ಮಕ್ಕಳಲ್ಲಿ ‘ತಾನೆ’ ಎಂಬ ಹೆಸರಿನ ಕಾಡಿನ ದೇವರು ಬೆನ್ನನ್ನು ನೆಲಕ್ಕೂರಿ ಕಾಲಿನಿಂದ ತಂದೆಯನ್ನು ಮೇಲಕ್ಕೆ ಒದೆಯುತ್ತಾನೆ. ಗಾಳಿಯ ದೇವರಿಗೆ ಇದು ಸಹಿಸದೆ ಅಣ್ಣತಮ್ಮಂದಿರ ಮೇಲೆ ಯುದ್ಧ ಸಾರುತ್ತಾನೆ. ಈಜಿಪ್ಟಿನಲ್ಲಿ ಎಲ್ಲ ತಿರುವುಮುರುವು: ಆಕಾಶ ನೂತ್ ಹೆಣ್ಣು, ಭೂಮಿ ಗೆಬ್ ಗಂಡು, ಅವರನ್ನು ಅಗಲಿಸಿ ನಿಲ್ಲುವ ವಾಯು ಶೂ ಅವರ ಮಗನಲ್ಲ, ತಂದೆ. ಒಂದು ಕಡೆ ಮಕ್ಕಳ ಬಂಡಾಯ, ಇನ್ನೊಂದು ಕಡೆ ಹಿರಿಯನ ಕಟ್ಟಪ್ಪಣೆ.

ಹೋಲಿಕೆಯ ಅವಸರ ಎಂಥ ಪಂಡಿತನನ್ನೂ ಎಡವಿಸುತ್ತದೆ. ಜಾರ್ಜ್ ಸ್ಮಿತ್ ನೋಟುಗಳ ಅಚ್ಚುಫಲಕ ಕೆತ್ತುವ ಕಸುಬಿನವರು. ಬಿಡುವಿನಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಹೋಗಿ ಮೆಸೊಪೊಟೇಮಿಯಾದ ಬೆಣೆಲಿಪಿ ಕಲಿತವರು. 1872ರ ಡಿಸೆಂಬರ್ 3ರಂದು ಅವರು ಆ ಲಿಪಿಯಲ್ಲಿದ್ದ ಗಿಲ್ಗಮೇಶನ ಕಾವ್ಯದೊಳಗಿನ ಪ್ರಳಯದ ಕಥೆಯನ್ನು ಲಂಡನ್ನಿನ ಸಭೆಯೊಂದರಲ್ಲಿ ಓದಿದಾಗ ಪ್ರಧಾನಿ ಗ್ಲ್ಯಾಡ್‌ಸ್ಟನ್ ಕೂಡ ಕುಳಿತು ಕೇಳಿದರು. ಬೈಬಲಿನ ನೋಹನ ಕಥೆಗೆ ಎಷ್ಟು ಹತ್ತಿರ ಎಂದು ಊರೆಲ್ಲ ಬೆರಗಾಯಿತು. ಪತ್ರಿಕೆಯೊಂದು ಹಣ ಕೊಟ್ಟು ಅವರನ್ನು ಇಂದಿನ ಇರಾಕಿನಲ್ಲಿರುವ ಪ್ರಾಚೀನ ನಗರ ನಿನೆವೆಗೆ ಕಳಿಸಿತು. ಅಲ್ಲಿ ಅವರು ಪ್ರಳಯದ ಇನ್ನೊಂದು ತುಣುಕು ಹುಡುಕಿ ತೆಗೆದರು. ಕಾವ್ಯದಲ್ಲಿ ಬಿಟ್ಟುಹೋದ ಸಾಲುಗಳು ಇವೇ ಎಂದು ತಿಳಿದರು. ಅದು ಬೇರೆಯೇ ಕಾವ್ಯದ್ದು, ಪ್ರಳಯದಿಂದ ಪಾರಾದ ಅತ್ರಾಹಸಿಸನ ಕಥೆಯದ್ದು ಎಂಬುದು ಗೊತ್ತಾದದ್ದು ಆಮೇಲೆ. ಎರಡರಲ್ಲೂ ಪ್ರಳಯವಿದೆ, ದೋಣಿಯಿದೆ. ಆದರೆ ಅವು ಒಂದೇ ಕಾವ್ಯವಲ್ಲ.

ಈ ಅತ್ರಾಹಸಿಸನ ಕಥೆ ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ಮನುಷ್ಯ ಇನ್ನೂ ಇಲ್ಲದ ಕಾಲ. ಕೆಳಗಿನ ದರ್ಜೆಯ ದೇವರುಗಳೇ ನದಿ, ಕಾಲುವೆ ತೋಡುತ್ತಿದ್ದಾರೆ. ದುಡಿದು ದುಡಿದು ಬೇಸತ್ತು ಒಂದು ದಿನ ಗುದ್ದಲಿ-ಬುಟ್ಟಿಗಳಿಗೆ ಬೆಂಕಿ ಹಚ್ಚಿ, ನಡುರಾತ್ರಿ ಒಡೆಯ ಎನ್ಲಿಲ್‌ನ ಮನೆ ಮುತ್ತುತ್ತಾರೆ. ರಾಜಿಯ ಮಾತಾಗುತ್ತದೆ: ಒಬ್ಬ ದೇವರನ್ನು ಕೊಂದು, ಅವನ ರಕ್ತಮಾಂಸವನ್ನು ಜೇಡಿಮಣ್ಣಿಗೆ ಕಲಸಿ ಮನುಷ್ಯನನ್ನು ಮಾಡುವುದು, ಗುದ್ದಲಿಯನ್ನು ಅವನ ಕೈಗೆ ಕೊಡುವುದು. ಮನುಷ್ಯರು ಹೆಚ್ಚುತ್ತಾರೆ, ಗದ್ದಲ ಏಳುತ್ತದೆ, ಎನ್ಲಿಲ್‌ಗೆ ನಿದ್ದೆ ಬರುವುದಿಲ್ಲ. ರೋಗ ಕಳಿಸುತ್ತಾನೆ, ಬರ ಕಳಿಸುತ್ತಾನೆ, ಕೊನೆಗೆ ಪ್ರಳಯ. ಪ್ರಳಯ ಇಳಿದ ಮೇಲೆ ಇನ್ನೊಂದು ಒಪ್ಪಂದ: ಇನ್ನು ಕೆಲವು ಹೆಂಗಸರು ಬಂಜೆಯರಾಗಲಿ, ತಾಯಿಯ ಮಡಿಲಿನಿಂದ ಕೂಸನ್ನು ಕಸಿಯುವ ಒಂದು ಪಿಶಾಚಿ ಇರಲಿ. ಮಗು ಕಳೆದುಕೊಂಡ ತಾಯಿಗೆ ಆ ನಾಡಿನವರು ಹೇಳಿಕೊಂಡ ಕಾರಣ ಇದು. ‘ಮಣ್ಣಿನಿಂದ ಮನುಷ್ಯ’ ಎಂಬ ನಿಮ್ಮ ಸಾಲಿನಲ್ಲಿ ಆ ದುಡಿಮೆಗಾರರ ಸಿಟ್ಟೂ ಇಲ್ಲ, ಆ ತಾಯಿಯ ಅಳುವೂ ಇಲ್ಲ. ಭತ್ತವನ್ನು ಎಸೆದು ಹೊಟ್ಟನ್ನು ಕಣಜಕ್ಕೆ ತುಂಬಿದ ಹಾಗೆ.

ಒಂದೇ ಕಥೆ ಎಂಬುದು ನಮ್ಮ ಕಾಲದವರ ಆತುರ, ಪ್ರಾಚೀನರದಲ್ಲ. ನೀವು ನಾಸದೀಯ ಸೂಕ್ತದಲ್ಲೇ ಎಲ್ಲ ಇದೆ ಎಂದಿರಿ. ಆ ಸೂಕ್ತ ಋಗ್ವೇದದ ಹತ್ತನೆಯ ಮಂಡಲದಲ್ಲಿ 129ನೆಯದು. ಅದೇ ಮಂಡಲದಲ್ಲಿ 90ನೆಯದು ಪುರುಷಸೂಕ್ತ, 121ನೆಯದು ಹಿರಣ್ಯಗರ್ಭ, 72ನೆಯದರಲ್ಲಿ ಅದಿತಿಯಿಂದ ದಕ್ಷ ಹುಟ್ಟಿದ, ದಕ್ಷನಿಂದ ಅದಿತಿ ಹುಟ್ಟಿದಳು ಎಂಬ ಬೆರಗು, 81 ಮತ್ತು 82ರಲ್ಲಿ ಬಡಗಿಯಂಥ ವಿಶ್ವಕರ್ಮ. ಸಂಹಿತೆ ಜೋಡಿಸಿದವರಿಗೆ ಇವು ಒಂದಕ್ಕೊಂದು ಕೂಡಿಬರುವುದಿಲ್ಲ ಎಂಬುದು ಕಾಣಲಿಲ್ಲವೇ? ಕಂಡಿತ್ತು, ಆದರೂ ಎಲ್ಲವನ್ನೂ ಉಳಿಸಿಕೊಂಡರು. ಬೈಬಲಿನ ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಗಿಡಮರ, ಪ್ರಾಣಿಗಳಾದ ಮೇಲೆ ಗಂಡು-ಹೆಣ್ಣು ಒಟ್ಟಿಗೆ ಬರುತ್ತಾರೆ. ಎರಡನೆಯದರಲ್ಲಿ ಮೊದಲು ಗಂಡಸು, ಆಮೇಲೆ ತೋಟ, ಪ್ರಾಣಿಗಳು, ಕಟ್ಟಕಡೆಗೆ ಹೆಣ್ಣು. ಎರಡೂ ಅಕ್ಕಪಕ್ಕದಲ್ಲೇ ಇವೆ. ಈಜಿಪ್ಟಿನಲ್ಲಿ ಹೀಲಿಯೊಪೊಲಿಸ್‌ನವರಿಗೆ ಆತುಮ್, ಮೆಂಫಿಸ್‌ನವರಿಗೆ ಹೃದಯ ಮತ್ತು ನಾಲಗೆಯಿಂದ ಸೃಷ್ಟಿಸುವ ಪ್ತಾಹ್, ಹರ್ಮೊಪೊಲಿಸ್‌ನವರಿಗೆ ಎಂಟು ಆದಿಶಕ್ತಿಗಳು.

ನಾಸದೀಯವನ್ನು ನಾನೂ ಮನಸಾರೆ ಪ್ರೀತಿಸುತ್ತೇನೆ. ಪ್ರೀತಿಸುವುದರಿಂದಲೇ ಅದಕ್ಕೆ ಆಗುತ್ತಿರುವ ಅನ್ಯಾಯ ನೋಡಲಾಗುವುದಿಲ್ಲ. ಅದರ ಮೊದಲ ಅರ್ಧ ಸಾಲನ್ನು ಹಿಡಿದು ಆಧುನಿಕ ವಿಜ್ಞಾನ ಇಲ್ಲೇ ಇತ್ತು ಎನ್ನುವ ಭಾಷಣಗಳನ್ನು ಕೇಳಿ ಕೇಳಿ ಸಾಕಾಗಿದೆ. ಇರುವುದು ಏಳೇ ಋಕ್ಕುಗಳು, ಓದಲು ಎಷ್ಟು ಹೊತ್ತು? ನಾಲ್ಕನೆಯದರಲ್ಲಿ ಕಾಮ ಬರುತ್ತದೆ, ಅದೇ ಮನಸ್ಸಿನ ಮೊದಲ ಬೀಜ ಎನ್ನುತ್ತಾನೆ ಋಷಿ. ಭೌತಶಾಸ್ತ್ರದ ಯಾವ ಸಮೀಕರಣದಲ್ಲಿ ಕಾಮವಿದೆ? ಕೊನೆಯಲ್ಲಿ, ಪರಮ ವ್ಯೋಮದಲ್ಲಿರುವ ಅಧ್ಯಕ್ಷನಿಗೆ ಇದು ಗೊತ್ತಿರಬಹುದು, ಅಥವಾ ಅವನಿಗೂ ಗೊತ್ತಿಲ್ಲದಿರಬಹುದು ಎಂದು ನಿಲ್ಲಿಸುತ್ತಾನೆ. ಇಷ್ಟು ಧೈರ್ಯದ ಸಂದೇಹವನ್ನು ಪ್ರಮಾಣಪತ್ರ ಮಾಡಿ ಗೋಡೆಗೆ ತೂಗುಹಾಕುವುದು ಅದಕ್ಕೆ ಮಾಡುವ ಗೌರವವಲ್ಲ. ಯಾರದು ಹಳೆಯದು, ಯಾರದು ದೊಡ್ಡದು ಎಂಬ ಪೈಪೋಟಿಯೂ, ಎಲ್ಲ ಒಂದೇ ಎಂಬ ಉದಾರತೆಯೂ ಒಂದು ವಿಷಯದಲ್ಲಿ ಜೊತೆಗಾರರು: ಎರಡಕ್ಕೂ ಪೂರ್ತಿ ಪಠ್ಯ ಬೇಕಾಗಿಲ್ಲ.

ಕಥೆ ಯಾರ ಬಾಯಿಂದ, ಯಾವಾಗ, ಯಾತಕ್ಕೆ ಹೊರಟಿತು ಎಂಬುದೂ ಕಥೆಯ ಭಾಗವೇ. ಮಾರ್ದುಕನ ಕಾವ್ಯವನ್ನು ಬ್ಯಾಬಿಲೋನಿನ ಹೊಸವರ್ಷದ ಹಬ್ಬದ ನಾಲ್ಕನೆಯ ದಿನ ಪುರೋಹಿತ ದೇವರೆದುರು ಹೇಳುತ್ತಿದ್ದ. ಅದೇ ಕಾವ್ಯ ಅಸ್ಸೀರಿಯನ್ನರ ಕೈಗೆ ಬಂದಾಗ ಮಾರ್ದುಕನನ್ನು ತೆಗೆದು ತಮ್ಮ ದೇವರು ಅಶ್ಶೂರನನ್ನು ಕೂರಿಸಿದರು. ಹವಾಯಿಯ ಕುಮುಲಿಪೊ ಎರಡು ಸಾವಿರಕ್ಕೂ ಮಿಕ್ಕ ಸಾಲುಗಳ ಹಾಡು. ಕತ್ತಲೆಯಿಂದ, ಹವಳದ ಹುಳುವಿನಿಂದ ಹೊರಟು ಅರಸುಮನೆತನದ ವಂಶಾವಳಿಗೆ ಬಂದು ಮುಟ್ಟುತ್ತದೆ. ಪಟ್ಟ ಕಳೆದುಕೊಂಡ ರಾಣಿ ಲಿಲಿಉಓಕಲಾನಿ 1895ರಲ್ಲಿ ತನ್ನದೇ ಅರಮನೆಯಲ್ಲಿ ಸೆರೆಯಾಗಿದ್ದಾಗ ಅದನ್ನು ಇಂಗ್ಲಿಷಿಗೆ ತಂದಳು, 1897ರಲ್ಲಿ ಅಚ್ಚಾಯಿತು. ನಾಡು ಕಳೆದುಕೊಂಡವಳು ತನ್ನ ಕುಲದ ಬೇರನ್ನು ಸಮುದ್ರದ ತಳದವರೆಗೆ ಎಣಿಸಿ ತೋರಿಸಿದ್ದನ್ನು ‘ನೀರಿನಿಂದ ಸೃಷ್ಟಿ’ ಎಂದು ನಮೂದಿಸಿ ಮುಂದೆ ಹೋಗಲು ನನ್ನಿಂದಾಗದು.

ನನ್ನ ದೂರು ಇಷ್ಟಕ್ಕೇ ನಿಲ್ಲುವುದಿಲ್ಲ. ಸಾರಾಂಶ ಓದಿದವನು ಓದಿದವನೇ ಎಂಬ ನಂಬಿಕೆ ಎಲ್ಲೆಡೆ ಬೆಳೆದಿದೆ. ಮಕ್ಕಳಿಗೆ ಕೊಡುವ ಪುರಾಣಗಳಲ್ಲಿ ಅಸಹ್ಯ, ಭಯ, ಅನ್ಯಾಯ ಎಲ್ಲವನ್ನೂ ತೊಳೆದು ನೀತಿಯನ್ನಷ್ಟೇ ಉಳಿಸುತ್ತೇವೆ. ಮಧ್ಯ ಅಮೆರಿಕದ ಮಾಯಾ ಜನರ ಪುರಾಣಗ್ರಂಥ ಪೊಪೊಲ್ ವುಹ್‌ನಲ್ಲಿ ಹೃದಯವಿಲ್ಲದ ಮರದ ಮನುಷ್ಯರ ಮೇಲೆ ಅವರ ಮಡಕೆಗಳು, ಬೀಸುಕಲ್ಲುಗಳು, ನಾಯಿಗಳೇ ತಿರುಗಿಬೀಳುತ್ತವೆ; ಆಮೇಲೆ ಜೋಳದಿಂದಾದ ಮನುಷ್ಯರು ತೀರಾ ದೂರ ನೋಡಬಲ್ಲರೆಂದು ದೇವರುಗಳು ಅವರ ಕಣ್ಣಿಗೆ ಮಂಜು ಊದುತ್ತಾರೆ. ಇದನ್ನು ಕೇಳಿದ ಮಗು ನೀತಿ ಕಲಿಯದಿರಬಹುದು, ಆದರೆ ಆ ರಾತ್ರಿ ಯೋಚಿಸುತ್ತಾ ಮಲಗುತ್ತದೆ. ಈ ಕಥೆ ಇವತ್ತು ನಮಗೆ ಸಿಕ್ಕಿರುವುದೇ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಹಿಮೆನೆಸ್ ಎಂಬ ಪಾದ್ರಿ ಮೂಲವನ್ನು ಸಾಲುಸಾಲಾಗಿ, ಮಾಯಾ ಜನರದೇ ಭಾಷೆಯಲ್ಲಿ ನಕಲು ಮಾಡಿದ್ದರಿಂದ. ಅವರು ಸಾರಾಂಶ ಬರೆದು ಕೈತೊಳೆದುಕೊಂಡಿದ್ದರೆ ಮಡಕೆಗಳ ಮಾತು ಯಾರಿಗೂ ಕೇಳುತ್ತಿರಲಿಲ್ಲ. ಮೆಂಫಿಸ್‌ನ ಕಥೆ ಕೆತ್ತಿದ ಶಾಬಕ ಶಿಲೆ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಯಾರೋ ಅದನ್ನು ಬೀಸುಕಲ್ಲಾಗಿ ಬಳಸಿ ನಡುವಿನ ಸಾಲುಗಳು ಸವೆದುಹೋಗಿವೆ. ಆ ಸಾಲುಗಳು ಇನ್ನೆಂದೂ ಸಿಕ್ಕುವುದಿಲ್ಲ. ಕಲ್ಲನ್ನು ಸವೆಸಿದವನಿಗೆ ಓದಲು ಬರುತ್ತಿರಲಿಲ್ಲ; ನಮಗೆ ಬರುತ್ತದೆ.

ಬಾಯಿಮಾತಿನ ಕಥೆಗಳ ಪಾಡು ಇನ್ನೂ ಕಷ್ಟದ್ದು. ಹತ್ತೊಂಬತ್ತನೆಯ ಶತಮಾನದ ಸಂಗ್ರಹಗಳನ್ನು ತೆರೆದರೆ ‘ಈ ಬುಡಕಟ್ಟಿನವರು ಹೀಗೆ ಹೇಳುತ್ತಾರೆ’ ಎಂದಿರುತ್ತದೆ. ಯಾವ ಮುದುಕಿ, ಯಾವ ಹಾಡುಗಾರ, ಯಾರ ಮುಂದೆ, ಎಲ್ಲಿ ತಡೆದು, ಎಲ್ಲಿ ನಕ್ಕು ಹೇಳಿದರು ಎಂಬುದಿಲ್ಲ. ಬರೆದುಕೊಂಡವರ ಹೆಸರು ಮಾತ್ರ ರಕ್ಷಾಪುಟದಲ್ಲಿ ದಪ್ಪಕ್ಷರದಲ್ಲಿ.

ಆದ್ದರಿಂದ ಮಾಲೆ ಹೀಗೆಯೇ ಮುಂದುವರಿಯುತ್ತದೆ. ಮುಂದಿನ ಸಂಚಿಕೆಯಿಂದ ಅತ್ರಾಹಸಿಸನ ಕಥೆಯನ್ನು, ಹಲಗೆ ಒಡೆದು ಸಾಲು ಹೋದಲ್ಲಿ ಖಾಲಿ ಜಾಗ ಬಿಟ್ಟು, ಉಳಿದದ್ದನ್ನೆಲ್ಲ ಕೊಡುತ್ತೇವೆ. ಓದಿ, ಒಪ್ಪದಿದ್ದರೆ ಮತ್ತೆ ಬರೆಯಿರಿ. ಇನ್ನೊಂದು ಬಿನ್ನಹ ನಿಮಗೂ ಉಳಿದ ಓದುಗರಿಗೂ. ಜಗತ್ತು ಹುಟ್ಟಿದ ಬಗ್ಗೆ ಹಿರಿಯರೊಬ್ಬರು ಹೇಳಿದ ಕಥೆ ನಿಮ್ಮ ನೆನಪಿನಲ್ಲಿದ್ದರೆ ಅವರು ಹೇಳಿದ ಹಾಗೆಯೇ, ಸರಿಪಡಿಸದೆ ಬರೆದು ಕಳಿಸಿ. ಅವರು ಒಪ್ಪಿದರೆ ಹೇಳಿದವರ ಹೆಸರನ್ನು ಮೇಲೆ ಬರೆಯಿರಿ, ನಿಮ್ಮದನ್ನು ಕೆಳಗೆ.

— ಸಂಪಾದಕ