ಓದುಗರ ಪ್ರಶ್ನೆ: ಎಲ್‌ಇಡಿ ವಾಲ್ ಅಳತೆಗೆ ವಿಡಿಯೊ ರೆಂಡರ್, ಯಾವ ಕೋಡೆಕ್?

ಪ್ರಶ್ನೆ: ಆರತಕ್ಷತೆ ವೇದಿಕೆಯ ಹಿಂದಿನ ಎಲ್‌ಇಡಿ ವಾಲ್‌ಗೆ 1408×512 ಅಳತೆಯ ವಿಡಿಯೊ ಬೇಕಂತೆ. ಡಿಎನ್‌ಎಕ್ಸ್‌ಎಚ್‌ಡಿ ಕೋಡೆಕ್ (ವಿಡಿಯೊವನ್ನು ಕುಗ್ಗಿಸಿ ಫೈಲ್ ಮಾಡುವ ವಿಧಾನ) ಆರಿಸಿದರೆ ಆ ಅಳತೆ ಕೊಡಲು ಬಿಡುವುದೇ ಇಲ್ಲ. ಎಚ್.264ರಲ್ಲಿ ರೆಂಡರ್ ಆಯಿತು (ಅಂತಿಮ ಫೈಲ್ ಬಂತು); ಲ್ಯಾಪ್‌ಟಾಪ್‌ನಿಂದ ಹಾಕಿ ನೋಡಿದರೆ ವಾಲ್‌ನಲ್ಲಿ ಮೇಲ್ಗಡೆ ಕಪ್ಪು ಪಟ್ಟಿ, ಬಲಗಡೆ ಚಿತ್ರ ಕಟ್. ಯಾವ ಕೋಡೆಕ್ ಹಾಕಬೇಕು?
— ವಿಡಿಯೊ ಎಡಿಟರ್, ವಿದ್ಯಾನಗರ, ದಾವಣಗೆರೆ

ಉತ್ತರ: ಇಲ್ಲಿ ಎರಡು ತೊಂದರೆಗಳಿವೆ, ಕೋಡೆಕ್‌ಗೆ ಸೇರಿದ್ದು ಒಂದೇ. ಡಿಎನ್‌ಎಕ್ಸ್‌ಎಚ್‌ಡಿ, ಎಕ್ಸ್‌ಡಿಕ್ಯಾಮ್, ಹಳೆಯ ಡಿವಿ ಇವೆಲ್ಲ ಟಿವಿ ಪ್ರಸಾರಕ್ಕೆಂದು ಬಂದವು. 1920×1080, 1280×720, 720×576 ಹೀಗೆ ಗೊತ್ತಾದ ಅಳತೆಗಳು ಬಿಟ್ಟರೆ ಬೇರೆಯವು ಅವುಗಳಲ್ಲಿ ಇಲ್ಲ. ಬೇಕಾದ ಅಳತೆ ಕೊಡಬೇಕಾದರೆ ಡಿಎನ್‌ಎಕ್ಸ್‌ಎಚ್‌ಆರ್, ಪ್ರೊರೆಸ್ ಅಥವಾ ಎಚ್.264. ಮೊದಲಿನ ಎರಡು ಮಾಸ್ಟರ್ ಕಾಪಿ ಇಟ್ಟುಕೊಳ್ಳಲು ಒಳ್ಳೆಯವು, ಫೈಲ್ ಮಾತ್ರ ವಿಪರೀತ ದೊಡ್ಡದು. ಪ್ರೊರೆಸ್ 422 ಎಚ್‌ಕ್ಯೂ ಫುಲ್ ಎಚ್‌ಡಿಯಲ್ಲಿ ಸೆಕೆಂಡಿಗೆ 25 ಫ್ರೇಮ್ ಇದ್ದರೆ ಸುಮಾರು 184 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್), ಅಂದರೆ ಹತ್ತು ನಿಮಿಷಕ್ಕೆ ಹತ್ತಿರಹತ್ತಿರ 14 ಜಿಬಿ. ಮಂಟಪದಲ್ಲಿ ಓಡಿಸಲು ಎಚ್.264ರ ಎಂಪಿ4 ಸಾಕು. ನಿಮ್ಮ ಅಳತೆಯಲ್ಲಿರುವುದು 7,20,896 ಪಿಕ್ಸೆಲ್, ಫುಲ್ ಎಚ್‌ಡಿಯ ಶೇ. 35ರಷ್ಟು. ಅಲ್ಲಿ 25 ಎಂಬಿಪಿಎಸ್ ಕೊಡುವವರು ಇಲ್ಲಿ 9 ಕೊಟ್ಟರೂ ಅದೇ ಗುಣಮಟ್ಟ ಬರುತ್ತದೆ. ಆದರೂ 15 ಕೊಡಿ. ಕಡುಬಣ್ಣದ ಹಿನ್ನೆಲೆಯಲ್ಲಿ ಪಟ್ಟೆಪಟ್ಟೆ ಕಾಣುವುದು ಕಡಿಮೆಯಾಗುತ್ತದೆ. ಪ್ರೊಗ್ರೆಸಿವ್ (ಪ್ರತಿ ಫ್ರೇಮ್ ಇಡಿಯಾಗಿ) ಇರಲಿ, ಪಿಕ್ಸೆಲ್ ಆಸ್ಪೆಕ್ಟ್ 1.0 (ಚೌಕ ಪಿಕ್ಸೆಲ್) ಇರಲಿ.

ಕಪ್ಪು ಪಟ್ಟಿಗೆ ಕಾರಣ ಬೇರೆ. ಲ್ಯಾಪ್‌ಟಾಪ್ ಹೊರಗೆ ಕಳಿಸುವುದು 1920×1080. ಪ್ಲೇಯರ್ ಫುಲ್ ಸ್ಕ್ರೀನ್ ಮಾಡಿದ ಕೂಡಲೇ ನಿಮ್ಮ ಚಿತ್ರ 1920×698ಕ್ಕೆ ಹಿಗ್ಗಿ, ಮೇಲೆ ಕೆಳಗೆ 191 ಪಿಕ್ಸೆಲ್ ಕಪ್ಪು ಉಳಿಯುತ್ತದೆ. ವಾಲ್‌ಗೆ ಚಿತ್ರ ಕಳಿಸುವ ಸೆಂಡರ್ ಕಾರ್ಡ್ ಅದರ ಎಡ ಮೇಲ್ಮೂಲೆಯ 1408×512 ಭಾಗವನ್ನಷ್ಟೇ ತೆಗೆದುಕೊಳ್ಳುತ್ತದೆ. ಹಾಗಾಗಿ 1920×1080ರ ಸೀಕ್ವೆನ್ಸ್ (ಎಡಿಟಿಂಗ್ ಟೈಮ್‌ಲೈನ್) ಮಾಡಿ, ನಿಮ್ಮ 1408×512 ಚಿತ್ರವನ್ನು ಎಡ ಮೇಲ್ಮೂಲೆಗೆ ಅಂಟಿಸಿ (ಮಧ್ಯಬಿಂದು ಲೆಕ್ಕದಲ್ಲಿ 704, 256), ಉಳಿದದ್ದು ಕಪ್ಪಾಗಿರಲಿ. ಆಗ ಬೇರೆ ಅಳತೆಯ ರೆಂಡರೇ ಬೇಡ. ಆಪರೇಟರ್ ವಿಡಿಯೊ ಪ್ರೊಸೆಸರ್ ಇಟ್ಟು ಇಡೀ ಚಿತ್ರವನ್ನು ವಾಲ್‌ಗೆ ಕುಗ್ಗಿಸುತ್ತಿದ್ದರೆ ಈ ಉಪಾಯ ಕೆಲಸಕ್ಕೆ ಬರುವುದಿಲ್ಲ. ಆದ್ದರಿಂದ ಮೊದಲೇ ಕೇಳಿ: ಪಿಕ್ಸೆಲ್‌ಗೆ ಪಿಕ್ಸೆಲ್ಲಾ, ಸ್ಕೇಲಾ?

ಅಳತೆಯನ್ನೂ ಅಡಿ ಲೆಕ್ಕದಲ್ಲಿ ನಂಬಬೇಡಿ. ವಾಲ್ ಆಗುವುದು ಕ್ಯಾಬಿನೆಟ್ ಎಂಬ ಬಿಡಿ ಚೌಕಗಳನ್ನು ಜೋಡಿಸಿ. ಅರ್ಧ ಮೀಟರ್‌ನ ಪಿ3.91 (ಪಿಕ್ಸೆಲ್‌ಗಳ ನಡುವೆ 3.91 ಮಿಮೀ) ಕ್ಯಾಬಿನೆಟ್‌ನಲ್ಲಿ 128×128 ಪಿಕ್ಸೆಲ್. ಅಡ್ಡಕ್ಕೆ 11, ಎತ್ತರಕ್ಕೆ 4 ಜೋಡಿಸಿದರೆ ನಿಮ್ಮ 1408×512 ಬರುತ್ತದೆ, ಅಗಲ ಐದೂವರೆ ಮೀಟರ್ ಅಂದರೆ ಸುಮಾರು ಹದಿನೆಂಟು ಅಡಿ. ಅದೇ ಹದಿನೆಂಟು ಅಡಿ ವಾಲ್ ಪಿ4.81 ಆಗಿದ್ದರೆ ಕ್ಯಾಬಿನೆಟ್‌ಗೆ 104, ಒಟ್ಟು 1144×416. ಕ್ಯಾಬಿನೆಟ್ ಎಣಿಸಿ. ನಾಲ್ಕೂ ಅಂಚಿಗೆ ಒಂದೇ ಪಿಕ್ಸೆಲ್‌ನ ಬಿಳಿ ಗೆರೆ, ನಡುವೆ ಒಂದು ವೃತ್ತ ಇರುವ ಪರೀಕ್ಷೆ ಚಿತ್ರ ಪೆನ್‌ಡ್ರೈವ್‌ನಲ್ಲಿರಲಿ. ಗೆರೆ ನಾಲ್ಕೂ ಕಡೆ ಕಂಡು ವೃತ್ತ ಗುಂಡಗಿದ್ದರೆ ಅಳತೆ ಸರಿ.

ಪ್ರಶ್ನೆ: 683×1215 ಅಳತೆ ಕೊಟ್ಟರೆ ಎಚ್.264 ರೆಂಡರ್ ಶುರುವಾಗುವ ಮೊದಲೇ ನಿಲ್ಲುತ್ತದೆ. ಏಕೆ?
— ಹರಿಹರದ ಓದುಗರು

ಉತ್ತರ: ಎರಡೂ ಬೆಸ ಸಂಖ್ಯೆ. ಸಾಮಾನ್ಯ 4:2:0 ವಿಡಿಯೊದಲ್ಲಿ ಬಣ್ಣದ ಮಾಹಿತಿ ಎರಡಕ್ಕೆರಡರ ನಾಲ್ಕು ಪಿಕ್ಸೆಲ್‌ಗೆ ಒಂದೇ ಸಲ ಬರೆಯಲ್ಪಡುತ್ತದೆ, ಅರ್ಧ ಚೌಕಕ್ಕೆ ಜಾಗವಿಲ್ಲ. 684×1216 ಮಾಡಿ. ಆದರೆ ಚಿತ್ರವನ್ನು ಹಿಗ್ಗಿಸಬೇಡಿ. ಒಂದು ಪಿಕ್ಸೆಲ್‌ಗಾಗಿ ಇಡೀ ಫ್ರೇಮ್ ಸ್ಕೇಲ್ ಆದರೆ ಸಣ್ಣ ಅಕ್ಷರಗಳೆಲ್ಲ ಮಸುಕಾಗುತ್ತವೆ. ಅಂಚಿಗೆ ಒಂದು ಪಿಕ್ಸೆಲ್ ಕಪ್ಪು ಸೇರಿಸಿದರಾಯಿತು. ಹ್ಯಾಪ್ ಕೋಡೆಕ್ ಬಳಸುವವರು ನಾಲ್ಕರಿಂದ ಭಾಗವಾಗುವ ಸಂಖ್ಯೆ ಕೊಡಿ.

ಪ್ರಶ್ನೆ: ಕೋಟೆಯ ಬಗ್ಗೆ ಮೂರು ಪ್ರೊಜೆಕ್ಟರ್‌ಗಳ ಪ್ರದರ್ಶನಕ್ಕೆ 5760×1080 ವಿಡಿಯೊ ಬೇಕು. ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಎಚ್.264 ರೆಂಡರ್ ಆಗುತ್ತಿಲ್ಲ.
— ಚಿತ್ರದುರ್ಗದ ಓದುಗರು

ಉತ್ತರ: ಈಗ ಬಳಕೆಯಲ್ಲಿರುವ ಬಹುತೇಕ ಕಾರ್ಡ್‌ಗಳ ಎಚ್.264 ಎನ್‌ಕೋಡರ್ 4096 ಪಿಕ್ಸೆಲ್ ಅಗಲಕ್ಕೇ ನಿಲ್ಲುತ್ತದೆ. ಎನ್‌ವಿಡಿಯಾ ಜಿಟಿಎಕ್ಸ್ 10 ಸರಣಿಯಿಂದ ಈಚೆಗಿನವು ಎಚ್.265ರಲ್ಲಿ 8192ರವರೆಗೆ ಹೋಗುತ್ತವೆ, ಅದನ್ನೇ ಆರಿಸಿ. ಹಾರ್ಡ್‌ವೇರ್ ಬಿಟ್ಟು ಸಾಫ್ಟ್‌ವೇರ್ ಎನ್‌ಕೋಡಿಂಗ್‌ಗೆ ಹೋದರೆ ಎಚ್.264 ಫೈಲ್ ತಯಾರಾದೀತು, ಆದರೆ ಓಡಿಸುವಾಗಲೂ ಅದೇ ಮಿತಿ ಎದುರಾಗಿ ಭಾರವೆಲ್ಲ ಸಿಪಿಯು ಮೇಲೆ ಬಿದ್ದು ಚಿತ್ರ ಜಗ್ಗುತ್ತದೆ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿಯಿಂದ ಆಗದು, ಅದರ ಮಿತಿ 3840×2160. ಇನ್ನೊಂದು, ಮೂರು ಚಿತ್ರಗಳ ಅಂಚುಗಳನ್ನು ಒಂದರ ಮೇಲೊಂದು ಬೆರೆಸುತ್ತಾರೆಯೇ ವಿಚಾರಿಸಿ. ಪ್ರತಿ ಜೋಡಣೆಗೆ ಶೇ. 15 ಅಂದರೆ 288 ಪಿಕ್ಸೆಲ್ ಬೆರೆತರೆ ನಿಮಗೆ ಬೇಕಾದ ಅಗಲ 5760 ಅಲ್ಲ, 5184.