ಹಳೆಯ ಕಾಲದ ಲೈನ್‌ಮನ್‌ನನ್ನು ಅಳೆಯುವ ಬಗೆ: ಡ್ಯೂಕ್ ಸ್ಲೇಟರ್

ನಮಸ್ಕಾರ. 1920ರ ದಶಕದ ಅಮೆರಿಕನ್ ಫುಟ್‌ಬಾಲ್ ಆಟಗಾರ ಡ್ಯೂಕ್ ಸ್ಲೇಟರ್ ಅವರ ಹೆಸರಿನ ಮುಂದೆ ಚೆಂಡು ಹಿಡಿದು ಓಡಿದ ಗಜಗಳಾಗಲಿ ಗಳಿಸಿದ ಅಂಕಗಳಾಗಲಿ ಕಾಣುವುದಿಲ್ಲ, ಹೀಗಿರುವಾಗ ಅವರನ್ನು ದೊಡ್ಡ ಆಟಗಾರರೆನ್ನಲು ಆಧಾರವೇನು ಎಂದು ತಾವು ಕೇಳಿದ್ದೀರಿ. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್ ಅಧಿಕೃತವಾಗಿ ಅಂಕಿಅಂಶಗಳನ್ನು ಇಡತೊಡಗಿದ್ದೇ 1932ರಲ್ಲಿ. ಸ್ಲೇಟರ್ ವೃತ್ತಿಪರರಾಗಿ ಆಡಿದ್ದು 1922ರಿಂದ 1931ರವರೆಗೆ. ಜೊತೆಗೆ, ಸ್ಲೇಟರ್ ಆಡುತ್ತಿದ್ದ ಟ್ಯಾಕಲ್ ಸ್ಥಾನದಲ್ಲಿ (ಮುಂದಿನ ಸಾಲಿನ ಒಂದು ಸ್ಥಾನ) ನಿಂತವರು ಎದುರಾಳಿಗಳನ್ನು ತಳ್ಳಿ ದಾರಿ ಮಾಡಿಕೊಟ್ಟರೆ, ಲೆಕ್ಕ ಬರೆಯುವುದು ಆ ದಾರಿಯಲ್ಲಿ ಓಡಿದವರ ಹೆಸರಿಗೆ. ಆದ್ದರಿಂದ ಲೈನ್‌ಮನ್‌ನ, ಅಂದರೆ ಆ ಸಾಲಿನ ಆಟಗಾರನ, ಸಾಧನೆಯನ್ನು ಬೇರೆಯವರ ಲೆಕ್ಕದಲ್ಲಿ ಹುಡುಕಬೇಕಾಗುತ್ತದೆ.

1929ರ ನವೆಂಬರ್ 28ರಂದು ಷಿಕಾಗೊ ಕಾರ್ಡಿನಲ್ಸ್ ತಂಡವು ಷಿಕಾಗೊ ಬೇರ್ಸ್ ತಂಡವನ್ನು 40-6ರಿಂದ ಸೋಲಿಸಿದಾಗ, ಆ 40 ಅಂಕಗಳನ್ನೂ ಎರ್ನಿ ನೆವರ್ಸ್ ಒಬ್ಬರೇ ಗಳಿಸಿದರು. ಒಂದು ಪಂದ್ಯದಲ್ಲಿ ಒಬ್ಬರು ಗಳಿಸಿದ ಅಂಕಗಳ ಆ ದಾಖಲೆಯನ್ನು ಎನ್‌ಎಫ್‌ಎಲ್‌ನಲ್ಲಿ ಇನ್ನೂ ಯಾರೂ ಮುರಿದಿಲ್ಲ. ಅಂದು ನೆವರ್ಸ್ ಅವರ ಮುಂದಿನ ಸಾಲಿನಲ್ಲಿದ್ದವರು ಸ್ಲೇಟರ್. ಎಲ್ಲ ಶ್ರೇಯವನ್ನೂ ಅವರಿಗೇ ಕೊಡುವುದು ಅತಿಯಾದೀತು, ಆದರೆ ಆ ಸಾಲನ್ನು ಬಿಟ್ಟು ಆ ದಾಖಲೆಯನ್ನು ವಿವರಿಸುವುದೂ ಸಾಧ್ಯವಿಲ್ಲ.

ಕಾಲೇಜು ದಿನಗಳಿಗೆ ಸಂಬಂಧಿಸಿದಂತೆ ಒಂದು ಛಾಯಾಚಿತ್ರವೇ ಇದೆ. 1921ರಲ್ಲಿ ಸ್ಲೇಟರ್ ಆಡುತ್ತಿದ್ದ ಅಯೋವಾ ವಿಶ್ವವಿದ್ಯಾಲಯದ ತಂಡವು ಸತತ 20 ಪಂದ್ಯಗಳನ್ನು ಗೆದ್ದಿದ್ದ ನೋಟರ್ ಡೇಮ್ ತಂಡವನ್ನು 10-7ರಿಂದ ಸೋಲಿಸಿತು. ಹೆಲ್ಮೆಟ್ ಇಲ್ಲದ ಸ್ಲೇಟರ್ ಹಲವು ಎದುರಾಳಿಗಳನ್ನು ಒಟ್ಟಿಗೆ ತಡೆಹಿಡಿದು, ಚೆಂಡು ಹಿಡಿದ ಗಾರ್ಡನ್ ಲಾಕ್ ಅವರಿಗೆ ಜಾಗ ಮಾಡಿಕೊಡುತ್ತಿರುವುದು ಆ ಪಂದ್ಯದ ಚಿತ್ರದಲ್ಲಿ ಕಾಣುತ್ತದೆ. ಹೆಲ್ಮೆಟ್ ಇಲ್ಲದೆ ಆಡುವ ಅಭ್ಯಾಸ ಶುರುವಾದದ್ದು ಬಡತನದಿಂದ. ಅಯೋವಾದ ಕ್ಲಿಂಟನ್ ಊರಿನ ಪ್ರೌಢಶಾಲೆಯಲ್ಲಿ ಆಟದ ಸಲಕರಣೆಗಳನ್ನು ಆಟಗಾರರೇ ಕೊಳ್ಳಬೇಕಿತ್ತು; ಪಾದ್ರಿಯಾಗಿದ್ದ ತಂದೆಗೆ ಹೆಲ್ಮೆಟ್ ಅಥವಾ ಬೂಟು, ಎರಡರಲ್ಲಿ ಒಂದನ್ನು ಮಾತ್ರ ಕೊಡಿಸಲು ಸಾಧ್ಯವಿದ್ದುದರಿಂದ ಮಗ ಬೂಟನ್ನು ಆರಿಸಿಕೊಂಡರು. (ಅದಕ್ಕೂ ಮೊದಲು ತಂದೆ ಆಟವೇ ಬೇಡವೆಂದಾಗ ಊಟ ಬಿಟ್ಟು ಒಪ್ಪಿಗೆ ಪಡೆದಿದ್ದರಂತೆ.)

ಆಡದೇ ಇದ್ದ ಪಂದ್ಯವನ್ನೂ ಗಮನಿಸಬೇಕು. 1924ರಲ್ಲಿ ಸ್ಲೇಟರ್ ಆಗ ಆಡುತ್ತಿದ್ದ ವೃತ್ತಿಪರ ತಂಡ ರಾಕ್ ಐಲೆಂಡ್ ಇಂಡಿಪೆಂಡೆಂಟ್ಸ್ ಮಿಸ್ಸೌರಿಯ ಕ್ಯಾನ್ಸಸ್ ಸಿಟಿಗೆ ಹೋದಾಗ, ಸ್ಲೇಟರ್ ಕಪ್ಪುವರ್ಣೀಯರೆಂಬ ಕಾರಣಕ್ಕೆ ಅವರನ್ನು ಕಣಕ್ಕಿಳಿಸಲಿಲ್ಲ, ತಂಡ ಸೋತಿತು. ಅದೇ ಎದುರಾಳಿಯನ್ನು ಸ್ವಂತ ಊರಿನಲ್ಲಿ ಎದುರಿಸಿದಾಗ ಸ್ಲೇಟರ್ ಆಡಿದರು, ತಂಡ ಗೆದ್ದಿತು. ಎರಡೇ ಪಂದ್ಯಗಳಿಂದ ತೀರ್ಮಾನಕ್ಕೆ ಬರಬಾರದು, ನಿಜ. ನನ್ನ ಮಟ್ಟಿಗೆ ಇದಕ್ಕಿಂತ ಬಲವಾದ ಸಾಕ್ಷಿ ಬೇರೆ ಇದೆ: 1927ರ ಹೊತ್ತಿಗೆ ಎನ್‌ಎಫ್‌ಎಲ್‌ನಿಂದ ಉಳಿದ ಕಪ್ಪುವರ್ಣೀಯ ಆಟಗಾರರೆಲ್ಲ ಹೊರಬಿದ್ದಿದ್ದರೂ ಕಾರ್ಡಿನಲ್ಸ್ ತಂಡವು ಸ್ಲೇಟರ್ ಒಬ್ಬರನ್ನು ಉಳಿಸಿಕೊಂಡಿತ್ತು. ಬಾಗಿಲು ಮುಚ್ಚಿಕೊಳ್ಳುತ್ತಿದ್ದ ಲೀಗ್‌ನಲ್ಲಿ ಒಬ್ಬರನ್ನು 1931ರವರೆಗೂ ಬಿಟ್ಟುಕೊಡದಿದ್ದುದು ಔದಾರ್ಯದಿಂದಲ್ಲ, ಅವರಿಲ್ಲದೆ ಸಾಲು ನಿಲ್ಲುವುದಿಲ್ಲವೆಂಬ ಅರಿವಿನಿಂದಲೇ ಇರಬೇಕು.

ಪಂದ್ಯಗಳನ್ನು ಎಣಿಸುವಾಗ ಒಂದು ಎಚ್ಚರಿಕೆ ಅಗತ್ಯ. 1926ರಲ್ಲಿ ರಾಕ್ ಐಲೆಂಡ್ ತಂಡವು ಪ್ರತಿಸ್ಪರ್ಧಿ ಲೀಗ್ ಆದ ಎಎಫ್‌ಎಲ್‌ಗೆ ಸೇರಿತ್ತು. ತಂಡ ಮುಚ್ಚಿದ ಮೇಲೆ ಸ್ಲೇಟರ್ ಅದೇ ವರ್ಷ ಕಾರ್ಡಿನಲ್ಸ್‌ಗೆ ಬಂದರು. ಎನ್‌ಎಫ್‌ಎಲ್ ಪಟ್ಟಿಯನ್ನಷ್ಟೇ ನೋಡಿದರೆ ಆ ನಡುವಿನ ಪಂದ್ಯಗಳು ತಪ್ಪಿಹೋಗುತ್ತವೆ.

ಆಡುತ್ತಲೇ ಅವರು 1928ರಲ್ಲಿ ಅಯೋವಾ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದರು, ಷಿಕಾಗೊದಲ್ಲಿ ವಕೀಲಿ ನಡೆಸಿದರು, 1948ರಲ್ಲಿ ನ್ಯಾಯಾಧೀಶರಾಗಿ ಚುನಾಯಿತರಾದರು. ಅವರು ತೀರಿಕೊಂಡದ್ದು 1966ರಲ್ಲಿ. ವೃತ್ತಿಪರ ಫುಟ್‌ಬಾಲ್‌ನ ಶ್ರೇಷ್ಠರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದದ್ದು 2020ರಲ್ಲಿ. ಅಂಕಿಗಳಿಲ್ಲದವರನ್ನು ಮರೆಯುವುದು ಎಷ್ಟು ಸುಲಭವೆಂದು ಆ ಅಂತರವೇ ಹೇಳುತ್ತದೆ.

ತಾವೇ ಹುಡುಕುವುದಾದರೆ ಆ ಕಾಲದ ಪತ್ರಿಕೆಗಳ ಪಂದ್ಯವರದಿಗಳಿಂದ ಆರಂಭಿಸಿ. ಓಟ ಯಾವ ಟ್ಯಾಕಲ್‌ನ ಬದಿಯಿಂದ ಸಾಗಿತೆಂದು ಅವು ಅನೇಕ ಕಡೆ ಬರೆಯುತ್ತವೆ. ವರದಿಯ ಕೊನೆಯಲ್ಲಿ ಆಟಗಾರರ ಪಟ್ಟಿಯಿದ್ದರೆ, ಅಲ್ಲಿ ಆ ಸ್ಥಾನದ ಎದುರಿಗೆ ಯಾರ ಹೆಸರಿದೆಯೆಂದು ಹೊಂದಿಸಿ ನೋಡಿ.