ಗಂಡುವೇಷದ ಒಸ್ಸಿ
ಚಾಪ್ಲಿನ್ 1915ರಲ್ಲಿ ಮೀಸೆ ಬೋಳಿಸಿ ಹೆಣ್ಣುವೇಷ ಹಾಕಿದ ಹಾಗೆ, ಹೆಣ್ಣೊಬ್ಬಳು ಗಂಡುವೇಷ ಹಾಕಿದ ಮೂಕಿ ಹಾಸ್ಯಚಿತ್ರ ಇದೆಯಾ ಅಂತ ಕೇಳಿದ್ದೀರಿ. ಖಂಡಿತ ಇದೆ. ನಿರ್ದೇಶಕ ಅರ್ನ್ಸ್ಟ್ ಲುಬಿಚ್ 1918ರಲ್ಲಿ ಜರ್ಮನಿಯಲ್ಲಿ ಮಾಡಿದ ‘ಐ ಡೋಂಟ್ ವಾಂಟ್ ಟು ಬಿ ಎ ಮ್ಯಾನ್’ ನೋಡಿ. ಸುಮಾರು ಮುಕ್ಕಾಲು ಗಂಟೆ ಅಷ್ಟೇ. ಮನೆಯಲ್ಲಿ ಸಿಗರೇಟು, ಇಸ್ಪೀಟು ಯಾವುದಕ್ಕೂ ಬಿಡುವುದಿಲ್ಲ ಅಂತ ರೋಸಿಹೋದ ನಾಯಕಿ ಒಸ್ಸಿ (ನಟಿ ಒಸ್ಸಿ ಓಸ್ವಾಲ್ಡಾ) ಗಂಡಸರ ಸೂಟು ಹೊಲಿಸುತ್ತಾಳೆ. ಅವಳ ಅಳತೆ ತೆಗೆಯೋಕೆ ದರ್ಜಿಗಳು ಕಿತ್ತಾಡುವ ದೃಶ್ಯವಂತೂ ಬಹಳ ಮಜವಾಗಿದೆ. ಆದರೆ ಗಂಡಸಾಗಿ ಹೊರಟ ಮೇಲೆ ಯಾರೂ ದಾರಿ ಬಿಡುವುದಿಲ್ಲ, ನೂಕಿಸಿಕೊಳ್ಳಬೇಕು. ನನಗೆ ಜಾಸ್ತಿ ಹಿಡಿಸಿದ್ದು ಆಮೇಲಿನದು. ಅವಳನ್ನು ಕಾಯಬೇಕಾದ ಪೋಷಕ ಗುರುತೇ ಹಿಡಿಯದೆ ಅವಳ ಜೊತೆ ಕುಡಿಯುತ್ತಾನೆ, ಮನೆಗೆ ಹೋಗುವಾಗ ಗಾಡಿಯಲ್ಲಿ ಆ ‘ಹುಡುಗ’ನಿಗೆ ಮುತ್ತನ್ನೂ ಕೊಡುತ್ತಾನೆ! 1918ರಲ್ಲಿ ಇಷ್ಟು ಧೈರ್ಯ ದೊಡ್ಡ ಮಾತು ಅಲ್ವಾ?